ಒಕ್ಕಲೆಬ್ಬಿಸುವ ಯಂತ್ರವೂ ಲಿನಕ್ಸಿನ ಮೇಲಿನ ದೂರುಗಳೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಪೇಟೆಗಳಲ್ಲಿ ಅಂಗಡಿಯವರ ಮೇಜಿನ ಮೇಲಿರುವ ಹಳೆಯ ಕಂಪ್ಯೂಟರುಗಳಿಗೆ ಮರಣಶಾಸನ ಬಂದಿದೆ. ಯಂತ್ರವೇನೂ ಕೆಟ್ಟಿಲ್ಲ. ಗುಂಡಿ ಒತ್ತಿದರೆ ಏಳುತ್ತದೆ, ಬಿಲ್ಲು ಬರೆಯುತ್ತದೆ, ಲೆಕ್ಕ ಕೂಡಿಸುತ್ತದೆ. ಆದರೆ ಅದನ್ನು ನಡೆಸುವ ವಿಂಡೋಸ್ ೧೦ ಎಂಬ ಮೂಲ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಕಂಪೆನಿಯು ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಮನೆಬಳಕೆಯವರಿಗೆ ಷರತ್ತಿನ ಮೇಲೆ ಇನ್ನೊಂದು ವರ್ಷದ ವಾಯಿದೆ ಕೊಟ್ಟಿತು. ವಿಂಡೋಸ್ ೧೧ಕ್ಕೆ ಹೋಗೋಣವೆಂದರೆ ಟಿಪಿಎಂ ೨.೦ ಎಂಬ ಭದ್ರತಾ ಚಿಪ್ಪು ಬೇಕು, ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಸುಮಾರು ೨೦೧೮ಕ್ಕೆ ಮೊದಲು ಬಂದ ಹೆಚ್ಚಿನ ಯಂತ್ರಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಕಂಪೆನಿಯ ಮಾತಿನ ಸಾರ ಇಷ್ಟೆ: ಹಳೆಯದನ್ನು ಬಿಸಾಡಿ, ಹೊಸದನ್ನು ಕೊಳ್ಳಿ.

ಜಿನಸಿ ಅಂಗಡಿಯವನು ಎಲ್ಲಿಂದ ಕೊಳ್ಳಬೇಕು? ಮಗಳ ಓದಿಗೆಂದು ಹಳೆಯ ಕಂಪ್ಯೂಟರೊಂದನ್ನು ಸಾಲ ಮಾಡಿ ತಂದ ಗೇರುಬೀಜ ಕಾರ್ಖಾನೆಯ ಕೆಲಸದಾಕೆ ಎಲ್ಲಿಂದ ಕೊಳ್ಳಬೇಕು? ಲಿನಕ್ಸ್ ಹಾಕಿದರೆ ಇದೇ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ ಎಂದು ಹೇಳುವುದೇ ತಡ, ಮೂಗು ಮುರಿಯುವವರು ಹತ್ತು ಮಂದಿ. ಅವರ ದೂರುಗಳನ್ನು ನಾವು ತಳ್ಳಿಹಾಕುವುದಿಲ್ಲ. ಒಂದೊಂದಾಗಿ ತಕ್ಕಡಿಗೆ ಹಾಕಿ ನೋಡೋಣ.

ಮೊದಲು, ಜಗಳ ಯಾವುದರ ಮೇಲೆ ಎಂಬುದು ಸ್ಪಷ್ಟವಾಗಲಿ. ಚಾಲಗೇಣಿ ಎಂದರೇನೆಂದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಬೆವರು ಒಕ್ಕಲಿನದು, ಗೊಬ್ಬರ ಒಕ್ಕಲಿನದು. ಇರಬೇಕೋ ಬಿಡಬೇಕೋ ಎಂಬ ಮಾತು ಮಾತ್ರ ಧಣಿಯದು. ೧೯೭೪ರ ಭೂಸುಧಾರಣಾ ಶಾಸನ ಆ ವ್ಯವಸ್ಥೆಗೆ ಕೊನೆ ಹಾಡಿತು. ಡಿಕ್ಲರೇಶನ್ ಕೊಟ್ಟು ಸಾವಿರಾರು ಒಕ್ಕಲುಗಳು ನೆಲದ ಹಕ್ಕು ಪಡೆದರು. ಈಗ ವಿಂಡೋಸಿನ ಕರಾರನ್ನು ಓದಿ ನೋಡಿ. ತಂತ್ರಾಂಶವನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದೆ ಎಂದು ಅದರಲ್ಲೇ ಇದೆ. ಹಣ ಕೊಟ್ಟ ಮೇಲೂ ನಾವು ಚಾಲಗೇಣಿಯವರೇ.

ಲಿನಕ್ಸಿನ ಕಥೆ ಬೇರೆ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕದ ಮುಂದಿಟ್ಟರು. ಎರಡೂ ಸೇರಿದವು. ಅದನ್ನು ಯಾರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಪ್ರತಿ ಮಾಡಿ ನೆರೆಯವನಿಗೆ ಕೊಡಬಹುದು. ಅದರ ಆವೃತ್ತಿಗಳಿಗೂ ಆಯುಷ್ಯವುಂಟು. ಉಬುಂಟು ಎಂಬ ಬಗೆಯ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯವಾಗಿ ೫ ವರ್ಷ. ಆದರೆ ಮುಂದಿನದಕ್ಕೆ ದುಡ್ಡಿಲ್ಲ. ಒಂದು ಬಗೆ ಭಾರವಾದರೆ ಹಳೆಯ ಯಂತ್ರಕ್ಕೆಂದೇ ಸಿದ್ಧಪಡಿಸಿದ ಹಗುರವಾದ ಬಗೆಗಳಿವೆ. ಒಕ್ಕಲೆಬ್ಬಿಸುವ ಅಧಿಕಾರ ಯಾವನೊಬ್ಬನ ಕೈಯಲ್ಲೂ ಇಲ್ಲ.

ಇನ್ನು ದೂರುಗಳು. “ಬಿಟ್ಟಿ ಮಾಲು ಎಷ್ಟು ದಿನ ಬಾಳೀತು?” ಎಂಬುದು ಮೊದಲನೆಯದು. ಮೂಡಬಿದಿರೆಯವರು ಇದಕ್ಕೆ ಉತ್ತರ ಬಲ್ಲರು. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು, ಭಕ್ತರ ದರ್ಶನಕ್ಕಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಎತ್ತುವ ಕೆಲಸ ಆರಂಭವಾಗಿ, ೧೯೩೯ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಪ್ರತಿ ಎತ್ತಿದ್ದರಿಂದ ಗ್ರಂಥದ ಬೆಲೆ ಇಳಿಯಿತೇ? ಲೋಕಕ್ಕೆ ತಿಳಿದದ್ದೇ ಆಗ. ಲಿನಕ್ಸೂ ಹಾಗೆ. ಜಗತ್ತಿನ ಅತಿ ಬಲಿಷ್ಠ ೫೦೦ ಕಂಪ್ಯೂಟರುಗಳೆಲ್ಲವೂ ೨೦೧೭ರಿಂದ ಲಿನಕ್ಸಿನಲ್ಲೇ ನಡೆಯುತ್ತಿವೆ. ದೂರು ಹೇಳುವವರ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ!

“ವಿಂಡೋಸೂ ನಮಗೆ ಬಿಟ್ಟಿಯೇ, ರಿಪೇರಿಯ ಹುಡುಗ ಹಾಕಿ ಕೊಡುತ್ತಾನೆ” ಎನ್ನುವವರೂ ಇದ್ದಾರೆ. ಅದು ಕಳ್ಳ ಪ್ರತಿ. ಅದರೊಂದಿಗೆ ಇನ್ನೇನು ಒಳಗೆ ಬಂತೆಂದು ಹಾಕಿದವನಿಗೂ ತಿಳಿಯದು. ೨೦೧೭ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ದೇಶದೇಶಗಳಿಗೆ ಹಬ್ಬಿ, ಸಕಾಲದಲ್ಲಿ ರಕ್ಷಣೆ ಪಡೆಯದ ವಿಂಡೋಸ್ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ವರ್ಷದ ಉದ್ರಿ ಲೆಕ್ಕವೆಲ್ಲ ಹಾಗೆ ಬೀಗದೊಳಗೆ ಹೋದರೆ ಸಣ್ಣ ವ್ಯಾಪಾರಿಯ ಗತಿ ಏನು?

“ಕಲಿಯಲು ಕಷ್ಟ” ಎಂಬುದು ಇನ್ನೊಂದು. ತಲಪಾಡಿ ದಾಟಿ ನೋಡಿ ಬನ್ನಿ. ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿ ಸೇರಿದ್ದಾರೆ. ೨ ಲಕ್ಷಕ್ಕೂ ಮಿಕ್ಕಿದ ಶಾಲಾ ಕಂಪ್ಯೂಟರುಗಳಲ್ಲಿ ಇದರಿಂದ ೩,೦೦೦ ಕೋಟಿ ರೂಪಾಯಿ ಉಳಿತಾಯವೆಂದು ಆ ರಾಜ್ಯದ ಕೈಟ್ ಸಂಸ್ಥೆ ೨೦೧೯ರಲ್ಲಿ ಹೇಳಿತು. ನಮ್ಮದೇ ಭಾಷೆಯ ಮಕ್ಕಳಿಗೆ ಆಚೆ ಬದಿಯಲ್ಲಿ ಬರುವ ವಿದ್ಯೆ ಈಚೆ ಬದಿಯ ದೊಡ್ಡವರಿಗೆ ಬಾರದೇ?

“ಕನ್ನಡ ಬರುವುದಿಲ್ಲ” ಎಂಬ ಮಾತು ಹಳೆಯದಾಯಿತು. ನುಡಿ, ಬರಹಗಳು ವಿಂಡೋಸಿಗೆಂದೇ ಬಂದ ಕಾಲದಲ್ಲಿ ಅದು ನಿಜವಿತ್ತು. ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವನ್ನೇ ಅನುಸರಿಸಿದ ಕಗಪ ವಿನ್ಯಾಸ ಈಗ ಲಿನಕ್ಸಿನೊಳಗೇ ಇದೆ. ಯುನಿಕೋಡ್ ಕನ್ನಡ ಅದರಲ್ಲಿ ಸರಾಗವಾಗಿ ಮೂಡುತ್ತದೆ. ಪ್ರೆಸ್ಸುಗಳಲ್ಲಿರುವ ಹಳೆಯ ಅಕ್ಷರಶೈಲಿಯ ಕಡತಗಳು ಮಾತ್ರ ತೊಡಕು. ಅವನ್ನು ಯುನಿಕೋಡಿಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿಕೊಳ್ಳಬೇಕು.

ತೂಕವಿರುವ ದೂರು ಟ್ಯಾಲಿಯದು. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಅದಿಲ್ಲದೆ ದಿನ ಸಾಗದ ಅಂಗಡಿಯವರು ಅವಸರಪಟ್ಟು ಬದಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಎಷ್ಟು ಅಂಗಡಿಗಳಿಗೆ ಟ್ಯಾಲಿ ಬೇಕು? ಬಿಲ್ಲು ಬರೆಯುವುದು, ದಾಸ್ತಾನಿನ ಪಟ್ಟಿ ಇಡುವುದು, ಬ್ಯಾಂಕಿನ ಖಾತೆ ನೋಡುವುದು ಇಷ್ಟಾದರೆ ಲಿಬ್ರೆ ಆಫೀಸೂ ಬ್ರೌಸರೂ ಸಾಕು. ಜಿಎಸ್‌ಟಿ ರಿಟರ್ನು ಬ್ರೌಸರಿನಲ್ಲೇ ಆಗುತ್ತದೆ. ಕಂಪೆನಿಗಳಿಗೆ ಡಿಜಿಟಲ್ ಸಹಿ ಕಡ್ಡಾಯ. ಒಬ್ಬನೇ ಮಾಲೀಕನ ಅಂಗಡಿಗೆ ಫೋನಿಗೆ ಬರುವ ಒಟಿಪಿ ನಡೆಯುತ್ತದೆ. ಕಾರ್ಮಿಕರು ಪಿ.ಎಫ್. ಪಾಸ್‌ಬುಕ್ಕು ನೋಡುವುದೂ ಬ್ರೌಸರಿನಲ್ಲೇ.

ಎಲ್ಲಕ್ಕಿಂತ ದೊಡ್ಡ ದೂರು ಕೊನೆಯದು: “ಕೆಟ್ಟರೆ ನೋಡುವವರು ಯಾರು?” ಇದು ಸತ್ಯ. ಪ್ರಿಂಟರು ಮೊಂಡುತನ ಮಾಡಿದಾಗ, ಸ್ಕ್ಯಾನರು ಏಳದಿದ್ದಾಗ, ಲಿನಕ್ಸ್ ಬಲ್ಲವನನ್ನು ಪೇಟೆಯಲ್ಲಿ ಹುಡುಕಿ ಸೋಲಬೇಕು. ಆದರೆ ಇದು ಲಿನಕ್ಸಿನ ದೋಷವೇ? ವಿಂಡೋಸ್ ಬಲ್ಲ ಹುಡುಗರು ತಾಯಿಯ ಹೊಟ್ಟೆಯಿಂದಲೇ ಅದನ್ನು ಕಲಿತು ಬಂದವರಲ್ಲ. ಗಿರಾಕಿಗಳಿದ್ದರು, ಕಲಿತರು. ಲಿನಕ್ಸಿಗೆ ಗಿರಾಕಿಯಿಲ್ಲವೆಂದು ರಿಪೇರಿಯವನಿಲ್ಲ, ರಿಪೇರಿಯವನಿಲ್ಲವೆಂದು ಗಿರಾಕಿಯಿಲ್ಲ. ಈ ಗಾಣದಿಂದ ಒಬ್ಬೊಬ್ಬನೇ ಹೊರಬರಲಾರ. ನಾಲ್ಕು ಜನ ಸೇರಿದರೆ ಬರಬಹುದು.

ಅಡಿಕೆ ಧಾರಣೆ ನೆಲ ಕಚ್ಚಿದ ಕಾಲದಲ್ಲಿ ಬೆಳೆಗಾರರು ದಲ್ಲಾಳಿಯನ್ನು ಶಪಿಸುತ್ತ ಕೂರಲಿಲ್ಲ. ೧೯೭೩ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯವರು ಕೂಡಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಇಲ್ಲಿ ಅಷ್ಟು ಬಂಡವಾಳವೂ ಬೇಡ. ಮೂರು ಪೇಟೆಗಳಲ್ಲೂ ವರ್ತಕರು, ಕಾರ್ಮಿಕ ಸಂಘದವರು, ಶಾಲೆಯ ಮಾಸ್ತರರು ಸೇರಿ ಒಂದೊಂದು ಕೋಣೆ ಗೊತ್ತುಮಾಡಲಿ. ವಾರಕ್ಕೊಂದು ಸಂಜೆ ಕಾಲೇಜಿನ ಇಬ್ಬರು ಹುಡುಗರು ಕೂರಲಿ. ಅವರ ಶ್ರಮಕ್ಕೆ ತಕ್ಕ ಮಜೂರಿ ಸಿಗಲಿ. ತಂತ್ರಾಂಶ ಬಿಟ್ಟಿಯೆಂದು ದುಡಿಮೆಯೂ ಬಿಟ್ಟಿಯಾಗಬಾರದು.

ಮಾಡುವ ಕ್ರಮವೂ ಸರಳ. ಮೊದಲು ಲೆಕ್ಕಪತ್ರ, ಫೋಟೋಗಳನ್ನೆಲ್ಲ ಬೇರೆಡೆಗೆ ಪ್ರತಿ ಮಾಡಿಡಿ. ಬಳಿಕ ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ಏಳಿಸಿ ನೋಡಿ; ಒಳಗಿದ್ದುದನ್ನು ಅಳಿಸದೆ ಹೀಗೆ ಪರೀಕ್ಷಿಸಬಹುದು. ಪ್ರಿಂಟರು ನಡೆಯುತ್ತದೆಯೇ, ಕನ್ನಡ ಮೂಡುತ್ತದೆಯೇ, ನಿಮ್ಮ ಕೆಲಸ ಸಾಗುತ್ತದೆಯೇ ನೋಡಿ. ಸಾಗಿದರೆ ಹಾಕಿಸಿ. ಸಾಗದಿದ್ದರೆ ಯಾವುದರಲ್ಲಿ ಅಡ್ಡಿಯಾಯಿತೆಂದು ಆ ಕೋಣೆಯ ಹುಡುಗರಿಗೆ ಹೇಳಿ. ಯಂತ್ರವನ್ನು ಗುಜರಿಗೆ ಹಾಕುವ ತೀರ್ಮಾನ ಅದರ ನಂತರ ಆಗಲಿ. ಆ ತೀರ್ಮಾನ ಮಾಡಬೇಕಾದವರು ಯಂತ್ರದ ಒಡೆಯರಾದ ನೀವು, ಕಡಲಾಚೆಯ ಕಂಪೆನಿಯಲ್ಲ.