ಸರ್ಕಾರ ನಡೆಸುವ ವಿದ್ಯೆಗೆ ಸರ್ಕಾರದಲ್ಲೇ ಜಾಗವಿಲ್ಲ

ಬೆಂಗಳೂರಿನ ಐಐಎಂ ಎಂದರೆ ಈಗ ಕ್ಯಾಂಪಸ್ ಸಂದರ್ಶನ, ಕನ್ಸಲ್ಟಿಂಗ್ ಕಂಪನಿ, ಕಣ್ಣು ಕುಕ್ಕುವ ಸಂಬಳ. 1973ರಲ್ಲಿ ಅದು ಶುರುವಾದದ್ದು ಇದಕ್ಕಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಲ್ಲವೂ ಒಂದೇ ಊರಿನಲ್ಲಿ ಬೇರುಬಿಟ್ಟಿದ್ದ ಕಾಲವದು. ಈ ಉದ್ದಿಮೆಗಳನ್ನು ನಡೆಸಬಲ್ಲ ವ್ಯವಸ್ಥಾಪಕರನ್ನು ತಯಾರು ಮಾಡಲೆಂದೇ ಮೂರನೆಯ ಐಐಎಂ ಬೆಂಗಳೂರಿಗೆ ಬಂತು. ರಾಜ್ಯ ಸರ್ಕಾರ 100 ಎಕರೆ ಜಮೀನು ಕೊಟ್ಟಿತು. ಕಾಲ ಕಳೆದಂತೆ ಅದೂ ಉಳಿದ ಐಐಎಂಗಳ ಹಾಗೆಯೇ ಆಯಿತು. 2002ರಲ್ಲಿ ಅಲ್ಲಿ ಸಾರ್ವಜನಿಕ ನೀತಿ ಮತ್ತು ನಿರ್ವಹಣೆಯ ಸ್ನಾತಕೋತ್ತರ ಕೋರ್ಸ್ ಶುರುವಾಯಿತು ನಿಜ. ಆದರೆ ಅದು ಮುಖ್ಯವಾಗಿ ಆಗಲೇ ಸೇವೆಯಲ್ಲಿದ್ದ ಅಧಿಕಾರಿಗಳಿಗಾಗಿ. ಹೊರಗಿನಿಂದ ಈ ವಿಷಯ ಓದಿಕೊಂಡು ಬಂದವರಿಗೆ ಸರ್ಕಾರದೊಳಗೆ ಕುರ್ಚಿ ಎಲ್ಲಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಪ್ರಶ್ನೆ ಹೊಸದೇನಲ್ಲ. ಅಮೆರಿಕದ ಆಡಳಿತ ತಜ್ಞ ಪಾಲ್ ಆ್ಯಪಲ್‌ಬಿ ನೆಹರೂ ಕಾಲದಲ್ಲಿ ಎರಡು ವರದಿ ಕೊಟ್ಟರು. 1953ರ ಮೊದಲ ವರದಿಯ ಫಲವಾಗಿ ಮರುವರ್ಷ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. 1956ರ ಎರಡನೆಯದು ಸರ್ಕಾರಿ ಉದ್ದಿಮೆಗಳ ಆಡಳಿತವನ್ನೇ ಕೈಗೆತ್ತಿಕೊಂಡು, ಲೆಕ್ಕಪರಿಶೋಧನೆಯ ಭಯದಲ್ಲಿ ಅಧಿಕಾರಿಗಳು ತೀರ್ಮಾನ ಕೈಗೊಳ್ಳಲು ಹಿಂಜರಿಯುತ್ತಾರೆ ಎಂದಿತು. ಅದರ ಬೆನ್ನಿಗೇ, 1957ರಲ್ಲಿ, ಸಾರ್ವಜನಿಕ ಉದ್ದಿಮೆಗಳಿಗೆಂದೇ ‘ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ಪೂಲ್’ ಎಂಬ ಪ್ರತ್ಯೇಕ ವೃಂದ ರಚನೆಯಾಯಿತು. ಒಂದು ಸಲ ನೇಮಕಾತಿ ನಡೆಯಿತು, ಮತ್ತೆ ನಡೆಯಲಿಲ್ಲ. ಅರ್ಧ ಶತಮಾನದ ನಂತರ ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ಇನ್ನೂ ಮುಂದೆ ಹೋಯಿತು: ಸಾರ್ವಜನಿಕ ಆಡಳಿತ ಮತ್ತು ನಿರ್ವಹಣೆಯಲ್ಲಿ ಪದವಿ ಕೊಡುವ ರಾಷ್ಟ್ರೀಯ ಸಂಸ್ಥೆಗಳು ಬರಲಿ, ಆಯ್ದ ವಿಶ್ವವಿದ್ಯಾಲಯಗಳೂ ಅದನ್ನು ಕಲಿಸಲಿ, ನಾಗರಿಕ ಸೇವಾ ಪರೀಕ್ಷೆಗೆ ಆ ಪದವೀಧರರು ಬರಲಿ, ಬೇರೆ ವಿಷಯ ಓದಿದವರು ಪೂರಕ ಕೋರ್ಸ್ ಮುಗಿಸಿ ಬರಲಿ. ವರದಿ ಬಂದದ್ದು 2008ರಲ್ಲಿ. ಇಂದಿಗೂ ಯಾವುದೇ ಪದವಿ ಇದ್ದರೆ ಸಾಕು, ಪರೀಕ್ಷೆಗೆ ಕೂರಬಹುದು.

ಹೀಗಿರುವಾಗ ವಿಶ್ವವಿದ್ಯಾಲಯದ ತರಗತಿಯಲ್ಲಿ ನಡೆಯುವುದೇನು? ವೆಬರ್, ಟೇಲರ್, ಫಯೋಲ್, ಗುಲಿಕ್‌ನ ಪೋಸ್ಡ್‌ಕಾರ್ಬ್. ಎರಡನೇ ಸೆಮಿಸ್ಟರ್‌ನಲ್ಲಿ ತುಲನಾತ್ಮಕ ಆಡಳಿತ, ಕೊನೆಯಲ್ಲಿ ಒಂದಿಷ್ಟು ಇ-ಆಡಳಿತ. ಪಾಠ ಹೇಳುವವರು ಬಹುಪಾಲು ಅತಿಥಿ ಉಪನ್ಯಾಸಕರು. ಕೇಳುವವರಲ್ಲಿ ಅನೇಕರ ಕಣ್ಣು ಐಎಎಸ್, ಕೆಎಎಸ್ ಮೇಲೆ. 2013ರಲ್ಲಿ ಯುಪಿಎಸ್‌ಸಿ ಎರಡು ಐಚ್ಛಿಕ ವಿಷಯಗಳನ್ನು ಒಂದಕ್ಕೆ ಇಳಿಸಿದ ಮೇಲೆ ಸಾರ್ವಜನಿಕ ಆಡಳಿತಕ್ಕಿದ್ದ ಬೇಡಿಕೆಯೂ ಇಳಿಯಿತು. ಗೈಡ್ ಪುಸ್ತಕದ ಮಾರುಕಟ್ಟೆಯನ್ನೇ ನಂಬಿಕೊಂಡ ವಿಷಯಕ್ಕೆ ಬೇರೆ ಗತಿ ಇರಲಿಲ್ಲ ಎನ್ನಿ.

ಪಾಠ ಮಾಡಲು ಸರಕಿಲ್ಲವೆ? ಬಸ್ ನಿಲ್ದಾಣಕ್ಕೆ ಹೋದರೆ ಸಾಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಕಂಡಕ್ಟರ್ ಮಹಿಳೆಯರಿಗೂ ಟಿಕೆಟ್ ಕೊಡಲೇಬೇಕು, ಶೂನ್ಯ ದರದ ಟಿಕೆಟ್. ಪ್ರಯಾಣಿಕರಿಗೆ ಅದು ಬರೀ ಚೀಟಿ. ನಿಗಮಕ್ಕೆ ಮಾತ್ರ ಅದು ಸರ್ಕಾರದ ಮುಂದಿಡುವ ಬಿಲ್ಲು. ತುಂಬಿದ ಬಸ್ಸಿನಲ್ಲಿ ಒಂದು ಟಿಕೆಟ್ ಕೊಡದೆ ಬಿಟ್ಟರೆ ನಿಗಮದ ಲೆಕ್ಕಕ್ಕೆ ಕತ್ತರಿ, ಹೆಚ್ಚು ಹರಿದರೆ ಖಜಾನೆಗೆ ಟೋಪಿ. ಎರಡನ್ನೂ ತನಿಖಾ ದಳ ನೋಡಬೇಕು. ಬಸ್ಸು ತುಂಬಿ ತುಳುಕುತ್ತದೆ, ಕಂಡಕ್ಟರ್ ಬ್ಯಾಗಿನಲ್ಲಿ ನಗದು ಕಡಿಮೆ. ಡಿಪೊ ಮ್ಯಾನೇಜರ್ ಇಷ್ಟು ಕಾಲ ಯಾವ ಮಾರ್ಗ ಲಾಭದ್ದು, ಯಾವುದು ನಷ್ಟದ್ದು ಎಂದು ತೀರ್ಮಾನಿಸುತ್ತಿದ್ದುದು ಕಿಲೋಮೀಟರ್‌ಗೆ ಇಷ್ಟು ಗಳಿಕೆ ಎಂಬ ಲೆಕ್ಕದಲ್ಲಿ. ಆ ಗಳಿಕೆಯ ದೊಡ್ಡ ಪಾಲು ಈಗ ವಿಧಾನಸೌಧದಿಂದ ಬರಬೇಕು, ಬರುವುದು ತಡವಾದರೆ ಡೀಸೆಲ್ ಬಾಕಿ, ಭವಿಷ್ಯನಿಧಿ ಬಾಕಿ ಬೆಳೆಯುತ್ತವೆ. 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15ರಷ್ಟು ಏರಿತು. ಪುರುಷ ಪ್ರಯಾಣಿಕರು ಕೊಡುವುದಷ್ಟೇ ಅಲ್ಲ, ಸರ್ಕಾರ ಕೊಡಬೇಕಾದದ್ದೂ ಅದರೊಂದಿಗೆ ಹೆಚ್ಚುತ್ತದೆ. ಆ ಜುಲೈ ಹೊತ್ತಿಗೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು.

ಇಂಥ ನಿಗಮ ಚೆನ್ನಾಗಿ ನಡೆಯುತ್ತಿದೆಯೇ ಎಂದು ಅಳೆಯುವುದು ಹೇಗೆ? ಖಾಸಗಿ ಕಂಪನಿಯ ಎಂಬಿಎ ಪಾಠ ಇಲ್ಲಿ ಕೈಕೊಡುತ್ತದೆ. ಲಾಭ ಅಳತೆಗೋಲಲ್ಲ ಎಂದಾದರೆ ಯಾವುದು ಅಳತೆಗೋಲು ಎಂದು ಯಾರೋ ಕೂತು ಕೆಲಸ ಮಾಡಬೇಕು: ಸಂಜೆ ಪಾಳಿ ಮುಗಿಸಿದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಬಸ್ಸು ಸಿಕ್ಕಿತೆ, ನಷ್ಟದ ಹಳ್ಳಿ ಮಾರ್ಗ ಸದ್ದಿಲ್ಲದೆ ನಿಂತುಹೋಯಿತೆ, ಬದಲಿಸಬೇಕಾದ ಬಸ್ಸುಗಳನ್ನು ಇನ್ನೂ ಓಡಿಸುತ್ತಿದ್ದಾರೆಯೆ. ಒಂದು ಪೂರ್ತಿ ಸೆಮಿಸ್ಟರ್ ನಡೆಸುವಷ್ಟು ಪಾಠ ಇದರಲ್ಲಿದೆ.

ಕೆಟಿಪಿಪಿ ಕಾಯ್ದೆಯೂ ಅಂಥದ್ದೇ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದು 1999ರಲ್ಲಿ ತಂದ ಕಾಯ್ದೆ. ಟೆಂಡರ್ ಇಲ್ಲದೆ ಕೆಲಸ ಕೊಡಲು ಅದರಲ್ಲೇ 4(ಜಿ) ಎಂಬ ಬಾಗಿಲಿದೆ. ಈ ‘ಫೋರ್ ಜಿ’ ಗೊತ್ತಿಲ್ಲದ ಗುತ್ತಿಗೆದಾರರನ್ನು ಹುಡುಕಿ ತೋರಿಸಿ. ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡಿ ಹೊರಬಂದವರಲ್ಲಿ ಎಷ್ಟು ಮಂದಿಗೆ ಗೊತ್ತಿರುತ್ತದೆ ಎಂಬುದು ಬೇರೆ ಮಾತು. ಸಿಎಜಿ ವರದಿಗಳು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಪ್ರತಿ ವರದಿಯಲ್ಲೂ ಒಂದು ತೀರ್ಮಾನ ಎಲ್ಲಿ ದಾರಿ ತಪ್ಪಿತು ಎಂಬ ವಿವರವಿರುತ್ತದೆ. ಪಠ್ಯಕ್ರಮ ಸಮಿತಿಗಳು ಅವನ್ನು ತೆರೆದು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಪಠ್ಯ ಸುಧಾರಿಸಿದ ಮಾತ್ರಕ್ಕೆ ಕಥೆ ಬದಲಾಗುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಇಂಥ ವಿಷಯ ಕಲಿಸುತ್ತದೆ. ಇಂಥ ಕೋರ್ಸ್ ಮುಗಿಸಿದವರಿಗೆ ಸಿಗುವುದು ಸ್ವಯಂಸೇವಾ ಸಂಸ್ಥೆ, ಚಿಂತನಾಕೂಟ ಇಲ್ಲವೇ ಕನ್ಸಲ್ಟಿಂಗ್ ಕಂಪನಿಯ ಕೆಲಸ. ಅದೇ ಕಂಪನಿಯನ್ನು ಇಲಾಖೆ ‘ಯೋಜನಾ ನಿರ್ವಹಣಾ ಘಟಕ’ದ ಹೆಸರಿನಲ್ಲಿ ಗುತ್ತಿಗೆಗೆ ತೆಗೆದುಕೊಳ್ಳುತ್ತದೆ. ನೇರವಾಗಿ ನೇಮಿಸಿಕೊಳ್ಳಬಹುದಾಗಿದ್ದವರು ಕಾರ್ಯದರ್ಶಿಯ ಕೊಠಡಿಗೆ ಬೇರೆಯವರ ಗುರುತಿನ ಚೀಟಿ ತೂಗುಹಾಕಿಕೊಂಡು ಬರುತ್ತಾರೆ. ಬಿಲ್ಲು ದೊಡ್ಡದು, ಗುತ್ತಿಗೆ ಮುಗಿದ ದಿನ ಕಡತದ ನೆನಪೂ ಅವರೊಂದಿಗೇ ಹೊರಟುಹೋಗುತ್ತದೆ.

ಪದವಿಗೆ ಆದ್ಯತೆ ಕೊಟ್ಟರೆ ದುಬಾರಿ ಕೋರ್ಸ್ ಓದಿದ ನಗರದವರಿಗಷ್ಟೇ ಅನುಕೂಲ ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. 2024ರ ಆಗಸ್ಟ್‌ನಲ್ಲಿ ಕೇಂದ್ರದ 45 ಹುದ್ದೆಗಳ ನೇರ ಪ್ರವೇಶದ ಜಾಹೀರಾತು ಮೀಸಲಾತಿಯ ಪ್ರಶ್ನೆಯ ಮೇಲೆ ಕೆಲವೇ ದಿನಗಳಲ್ಲಿ ವಾಪಸಾಯಿತು. ಅದಕ್ಕೇ ಈ ಕಲಿಕೆ ಇರಬೇಕಾದದ್ದು ಲಕ್ಷಾಂತರ ರೂಪಾಯಿ ಶುಲ್ಕದ ಖಾಸಗಿ ಕ್ಯಾಂಪಸ್ಸಿಗಿಂತ ಹೆಚ್ಚಾಗಿ ಕಲಬುರಗಿ, ಧಾರವಾಡ, ಮೈಸೂರಿನ ವಿಶ್ವವಿದ್ಯಾಲಯಗಳಲ್ಲಿ, ಕನ್ನಡದಲ್ಲಿ. ನೇಮಕಾತಿಯೂ ಮೀಸಲಾತಿ ರೋಸ್ಟರ್ ಪ್ರಕಾರವೇ ನಡೆಯಬೇಕು, ಅದರಲ್ಲಿ ರಾಜಿ ಬೇಡ. ಅಧಿಕಾರಿಗಳು ಕೆಲಸ ಮಾಡುತ್ತಲೇ ಕಲಿಯುತ್ತಾರೆ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆಯಲ್ಲ ಎನ್ನುವವರೂ ಇದ್ದಾರೆ. ನಿಗಮದ ವ್ಯವಸ್ಥಾಪಕ ನಿರ್ದೇಶಕರು ಕಲಿಯುವ ಹೊತ್ತಿಗೆ ವರ್ಗಾವಣೆ ಆದೇಶ ಬಂದಿರುತ್ತದೆ.

ಮಾಡಬಹುದಾದ ಕೆಲಸ ಸಣ್ಣದು, ಆಕರ್ಷಕವಾದದ್ದಂತೂ ಅಲ್ಲ. ಸಾರಿಗೆ ನಿಗಮಗಳು, ಎಸ್ಕಾಂಗಳು, ನೀರಾವರಿ ನಿಗಮಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಸಹಾಯಕ ವ್ಯವಸ್ಥಾಪಕ ಮಟ್ಟದ ಕೆಲವು ಹುದ್ದೆಗಳಿಗೆ ಈ ಪದವಿಯನ್ನು ಅರ್ಹತೆಯಾಗಿ ಸೇರಿಸುವುದು. ಕೋರ್ಸ್‌ನ ಒಂದು ಸೆಮಿಸ್ಟರ್ ಡಿಪೊದಲ್ಲೋ ಉಪವಿಭಾಗ ಕಚೇರಿಯಲ್ಲೋ ಕಳೆಯಬೇಕೆಂಬ ಷರತ್ತು ಹಾಕುವುದು. ಆ ನಿಯಮ ತಿದ್ದುವ ಅಧಿಕಾರ ರಾಜ್ಯ ಸರ್ಕಾರ ಮತ್ತು ಅದರದೇ ನಿಗಮಗಳ ಕೈಯಲ್ಲಿದೆ, ದೆಹಲಿಯ ಕಡೆ ನೋಡಬೇಕಾದ್ದಿಲ್ಲ. ಅದಾಗುವವರೆಗೆ ಹೊಸ ಅಧ್ಯಯನ ವಿಭಾಗ ತೆರೆಯುವ ಪ್ರಸ್ತಾವಕ್ಕೆ ಹಣಕಾಸು ಇಲಾಖೆ ತಕರಾರು ತೆಗೆದರೆ, ಇಲಾಖೆಯ ಪರವಾಗಿಯೇ ಮಾತನಾಡಬೇಕಾಗುತ್ತದೆ.