ಸುಮ್ಮನಿದ್ದರೆ ಬೇಕೆಂದು ಅರ್ಥವೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರಕ್ಕೆ ಎಷ್ಟರ ಮಟ್ಟಿಗೆ ಒಪ್ಪುತ್ತದೋ ಏನೋ, ವ್ಯಾಪಾರಕ್ಕಂತೂ ಒಪ್ಪುವುದಿಲ್ಲ. ಕಿರಾಣಿ ಅಂಗಡಿಯವನು ನಾವು ಕೇಳದೆಯೇ ಎರಡು ಕಿಲೋ ಬೆಲ್ಲ ಕಟ್ಟಿಕೊಟ್ಟು, ‘ನೀವೇನು ಬೇಡ ಅನ್ನಲಿಲ್ಲವಲ್ಲ’ ಎಂದು ಉದ್ದರಿ ಪುಸ್ತಕದಲ್ಲಿ ಬರೆದುಕೊಂಡರೆ ನಾವು ಬಿಡುತ್ತೇವೆಯೇ? ಜಗಳಕ್ಕೇ ನಿಲ್ಲುತ್ತೇವೆ. ಅದೇ ಕೆಲಸವನ್ನು ದೂರದ ಕಂಪನಿಯೊಂದು ಪಾರ್ಸೆಲ್ ಮೂಲಕ ಮಾಡಿದರೆ ಮಾತ್ರ ಅದಕ್ಕೆ ‘ಚಂದಾ ಯೋಜನೆ’ ಎಂಬ ಮರ್ಯಾದೆಯ ಹೆಸರು. ಈ ವಾರ ಅಂಥದೊಂದು ಯೋಜನೆಯ ಒಳಿತು ಕೆಡುಕುಗಳನ್ನು ನೋಡೋಣ. ವಸ್ತು, ಗ್ರಾಮಫೋನ್ ರೆಕಾರ್ಡು.

ಸತ್ತೇಹೋಯಿತು ಎಂದು ನಾವೆಲ್ಲ ಕೈಬಿಟ್ಟಿದ್ದ ಈ ಕಪ್ಪು ತಟ್ಟೆ ಮತ್ತೆ ಎದ್ದು ಕುಳಿತಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾಗಿ, 3.3 ಕೋಟಿಯಷ್ಟಿದ್ದ ಸಿ.ಡಿ.ಗಳನ್ನು ಹಿಂದೆ ಹಾಕಿದವು. 1987ರ ನಂತರ ಹೀಗಾದದ್ದು ಅದೇ ಮೊದಲು. ನಮ್ಮ ದೇಶದಲ್ಲೂ 2024ರಲ್ಲಿ ಮುಂಬಯಿಯಲ್ಲಿ ರೆಕಾರ್ಡು ಒತ್ತುವ ಕಾರ್ಖಾನೆಯೊಂದು ಹೊಸದಾಗಿ ಶುರುವಾಯಿತು. ಇದರ ಬೆನ್ನಿಗೇ ಬಂದದ್ದು ತಿಂಗಳ ಚಂದಾ. 2013ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ವಿನೈಲ್ ಮಿ, ಪ್ಲೀಸ್’ ಎಂಬ ಕಂಪನಿ ಈ ಪದ್ಧತಿಗೆ ಹೊಸ ಜೀವ ಕೊಟ್ಟಿತು. ತಿಂಗಳಿಗಿಷ್ಟು ಎಂದು ಹಣ ಕಟ್ಟಿದರೆ, ಕಂಪನಿಯವರೇ ಆರಿಸಿದ ಒಂದು ರೆಕಾರ್ಡು ಮನೆ ಬಾಗಿಲಿಗೆ ಬರುತ್ತದೆ. ರೆಕಾರ್ಡಿನ ಅಂಗಡಿ ಹುಡುಕಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಬಸ್ಸು ಹತ್ತಬೇಕಾದ ದಢೇಸುಗೂರಿನಂಥ ಊರಿನವರಿಗೆ ಇದು ಸಣ್ಣ ಅನುಕೂಲವೇನಲ್ಲ.

ರೆಕಾರ್ಡಿಗೂ ಅಂಚೆಗೂ ನಂಟು ಬೆಳೆದದ್ದರ ಹಿಂದೆ ಒಂದು ರಸಾಯನಶಾಸ್ತ್ರದ ಕಥೆಯಿದೆ. ನಮ್ಮ ಅಜ್ಜಂದಿರ ಕಾಲದ 78 ಸುತ್ತಿನ ತಟ್ಟೆಗಳಲ್ಲಿ ಮುಖ್ಯ ಅಂಟು ಅರಗು. ಛೋಟಾ ನಾಗಪುರದ ಕಾಡಿನ ಮರಗಳ ಮೇಲೆ ಅರಗಿನ ಹುಳು ಮಾಡಿಟ್ಟದ್ದೇ ಹಡಗು ಹತ್ತಿ ಹೋಗಿ ಜಗತ್ತಿನ ಹಾಡಾಗುತ್ತಿತ್ತು. ಆದರೆ ಅರಗಿನ ತಟ್ಟೆ ಭಾರ, ಕೈಜಾರಿದರೆ ಚೂರು. ಎರಡನೇ ಮಹಾಯುದ್ಧದಲ್ಲಿ ಏಷ್ಯಾದ ಅರಗು ಸಿಗುವುದು ಕಷ್ಟವಾಯಿತು. ದೂರದ ಸೈನಿಕರಿಗೆ ಒಡೆಯದಂತೆ ಹಾಡು ಕಳಿಸುವುದೂ ಬೇಕಾಗಿತ್ತು. ಆಗ ಅಮೆರಿಕದವರು 1943ರಿಂದ ‘ವಿ-ಡಿಸ್ಕ್’ ಎಂಬ ತಟ್ಟೆಗಳನ್ನು ವಿನೈಲ್ ಪ್ಲಾಸ್ಟಿಕ್ಕಿನಲ್ಲಿ ಒತ್ತಿದರು. 1948ರಲ್ಲಿ ಕೊಲಂಬಿಯಾ ಕಂಪನಿ ಅದೇ ಪ್ಲಾಸ್ಟಿಕ್ಕಿನಲ್ಲಿ ನಿಮಿಷಕ್ಕೆ 33⅓ ಸುತ್ತಿನ ಎಲ್.ಪಿ. ರೆಕಾರ್ಡು ತಂದಿತು. ಹಗುರ, ಒಡೆಯುವುದಿಲ್ಲ, ರಟ್ಟಿನ ಲಕೋಟೆಯಲ್ಲಿ ಹೋಗುತ್ತದೆ. ಏಳು ವರ್ಷ ಕಳೆಯುವುದರೊಳಗೆ, 1955ರಲ್ಲಿ, ಅದೇ ಕಂಪನಿ ಅಂಚೆಯಲ್ಲಿ ರೆಕಾರ್ಡು ಕಳಿಸುವ ‘ರೆಕಾರ್ಡ್ ಕ್ಲಬ್’ ತೆರೆಯಿತು.

ಈ ಕ್ಲಬ್ಬಿನ ಜಾಣತನ ನೋಡಿ. ಒಂದು ಸೆಂಟು ಕೊಟ್ಟರೆ ಹನ್ನೆರಡು ರೆಕಾರ್ಡು ಎಂಬಂಥ ಜಾಹೀರಾತುಗಳು. ಸೇರಿದ ಮೇಲೆ ಪೂರ್ತಿ ಬೆಲೆಗೆ ಇನ್ನಷ್ಟು ಕೊಳ್ಳಲೇಬೇಕೆಂಬ ಕರಾರು. ಪ್ರತಿ ತಿಂಗಳೂ ಒಂದು ಕಾರ್ಡು ಬರುತ್ತಿತ್ತು: ‘ಈ ತಿಂಗಳ ಆಯ್ಕೆ ಇದು, ಬೇಡವಾದರೆ ಇಂಥ ದಿನದೊಳಗೆ ತಿಳಿಸಿ.’ ತಿಳಿಸದಿದ್ದರೆ ರೆಕಾರ್ಡೂ ಬರುತ್ತಿತ್ತು, ಬಿಲ್ಲೂ ಬರುತ್ತಿತ್ತು. ಕಾರ್ಡು ತಡವಾಗಿ ಮುಟ್ಟಿದರೆ, ಮೇಜಿನ ಮೇಲೆ ಮರೆತು ಉಳಿದರೆ, ಮನೆಯವರು ಊರಿಗೆ ಹೋಗಿದ್ದರೆ, ಎಲ್ಲದಕ್ಕೂ ಒಂದೇ ಅರ್ಥ: ‘ಬೇಕು’. ಮನುಷ್ಯನ ಸೋಮಾರಿತನವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ. ದೂರುಗಳು ಹೆಚ್ಚಿ, 1973ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೊಂದು ನಿಯಮವನ್ನೇ ಮಾಡಬೇಕಾಯಿತು. ಕರಾರುಗಳನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಬೇಡವೆನ್ನಲು ಕನಿಷ್ಠ ಹತ್ತು ದಿನ ಕೊಡಬೇಕು ಎಂದು.

ನಮ್ಮಲ್ಲಿ ಅಂಚೆ ವ್ಯಾಪಾರ ನಿಂತದ್ದು ಇದಕ್ಕೆ ತೀರ ವಿರುದ್ಧವಾದ ನಂಬಿಕೆಯ ಮೇಲೆ. 1877ರಲ್ಲಿ ಭಾರತದಲ್ಲಿ ಜಾರಿಗೆ ಬಂದ ವಿ.ಪಿ.ಪಿ. ಪದ್ಧತಿ ಹಿರಿಯ ಓದುಗರಿಗೆ ಚೆನ್ನಾಗಿ ಗೊತ್ತು. ಪೋಸ್ಟ್‌ಮ್ಯಾನ್ ಕಟ್ಟು ತರುತ್ತಿದ್ದ, ಹಣ ಎಣಿಸಿಕೊಟ್ಟರೆ ಕಟ್ಟು ನಮ್ಮದು. ಬೇಡವೆಂದರೆ ಅದು ಬಂದ ದಾರಿಯಲ್ಲೇ ವಾಪಸು. ಕೊಟ್ಟ ಮೇಲೆಯೇ ಬಿಚ್ಚಬೇಕೆಂಬ ನಿಯಮದಿಂದಾಗಿ ಕೈಗಡಿಯಾರ ತರಿಸಿದವರಿಗೆ ಕಲ್ಲು ಬಂದ ಕಥೆಗಳೂ ಇದ್ದವು, ನಿಜ. ಆದರೂ ಬಾಯಿಬಿಟ್ಟು ‘ಹೂಂ’ ಎನ್ನುವವರೆಗೆ ಕಿಸೆಯ ದುಡ್ಡು ಕಿಸೆಯಲ್ಲೇ ಇರುತ್ತಿತ್ತು. ಅಲ್ಲಿ ಮೌನಕ್ಕೆ ‘ಬೇಡ’ ಎಂದೇ ಅರ್ಥ.

ಇಂದಿನ ತಿಂಗಳ ಚಂದಾ ಇದನ್ನು ಮತ್ತೆ ತಲೆಕೆಳಗು ಮಾಡಿದೆ. ಕಾರ್ಡಿಗೋ ಯು.ಪಿ.ಐ.ಗೋ ಒಮ್ಮೆ ‘ಆಟೊ ಪೇ’ ಅನುಮತಿ ಕೊಟ್ಟರೆ ಮುಗಿಯಿತು. ತಿಂಗಳು ತಿಂಗಳು ಹಣ ತಾನಾಗಿಯೇ ಹೋಗುತ್ತದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಜಾರಿಗೆ ತಂದ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಲೇಬೇಕು. ಆದರೆ 15 ಸಾವಿರ ರೂಪಾಯಿಯೊಳಗಿನ ಇಂಥ ಪಾವತಿಗೆ ಪ್ರತಿ ಸಲ ಓ.ಟಿ.ಪಿ. ಬೇಕಿಲ್ಲ. ದಿನಕ್ಕೆ ಬರುವ ನಲವತ್ತು ಮೆಸೇಜುಗಳ ನಡುವೆ ಆ ಒಂದು ಮೆಸೇಜು ಎಷ್ಟು ಜನರ ಕಣ್ಣಿಗೆ ಬೀಳುತ್ತದೆ?

ನನ್ನ ಪರಿಚಯದ ನಿವೃತ್ತ ಬಸ್ ಕಂಡಕ್ಟರೊಬ್ಬರ ಮನೆಯಲ್ಲಿ ಆದದ್ದು ಇದೇ. ಹಾಡಿನ ಹುಚ್ಚಿನ ಮನುಷ್ಯ. ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆಂದು ರೆಕಾರ್ಡ್ ಪ್ಲೇಯರ್ ತಂದುಕೊಟ್ಟು, ಜೊತೆಗೆ ಆರು ತಿಂಗಳ ಚಂದಾ ಕಟ್ಟಿದ. ಮೊದಮೊದಲು ಹಳೆಯ ಹಿಂದಿ ಚಿತ್ರಗೀತೆ ಬಂದವು, ಸಂತೋಷಪಟ್ಟರು. ಆಮೇಲೆ ಬಂದವೆಲ್ಲ ಇಂಗ್ಲಿಷ್ ಗದ್ದಲ. ಆರು ತಿಂಗಳು ಮುಗಿದರೂ ಪಾರ್ಸೆಲ್ ನಿಲ್ಲಲಿಲ್ಲ. ಚಂದಾ ತಾನಾಗಿ ನವೀಕರಣವಾಗಿತ್ತು. ತಿಂಗಳಿಗೆ 2,800 ರೂಪಾಯಿ. ‘ಅಪ್ಪಾಜಿ ಕೇಳ್ತಾರ, ಇರ್ಲಿ’ ಎಂದು ಮಗ ಸುಮ್ಮನಿದ್ದ. ಇವರೋ, ‘ಮಗ ಪ್ರೀತಿಲೆ ಕಳಿಸ್ತಾನ್ರೀ ಸರ್ರ, ಬ್ಯಾಡ ಅಂತ ಹ್ಯಾಂಗ ಅನ್ಲಿ’ ಎಂದು ಸುಮ್ಮನಿದ್ದರು. ಎರಡೂ ಕಡೆ ಮೌನ, ನಡುವೆ ಕಂಪನಿಗೆ ಲಾಭ. ಏಪ್ರಿಲ್ ತಿಂಗಳಲ್ಲಿ ಬಂದ ತಟ್ಟೆಯನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು: ‘ಇದೇನ್ರೀ ಸರ್ರ, ಹಪ್ಪಳ ಆಗಿ ಬಂದೈತಿ!’

ಹಪ್ಪಳವೇ ಸರಿ. ಇದನ್ನು ಮಕ್ಕಳಿಗೆ ಪಾಠ ಮಾಡಬಹುದು. ರೆಕಾರ್ಡಿನ ವಿನೈಲ್ ಎಂದರೆ ಮುಖ್ಯವಾಗಿ ಪಿ.ವಿ.ಸಿ.; ನೀರಿನ ಪೈಪಿನ ಹತ್ತಿರದ ಸಂಬಂಧಿ. 60 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ಅದು ಮೆತ್ತಗಾಗತೊಡಗುತ್ತದೆ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲು ನೆರಳಿನಲ್ಲೇ 40 ದಾಟುತ್ತದೆ. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ವಾಹನದೊಳಗೆ ಅದರ ಮೇಲೆ ಇಪ್ಪತ್ತು ಡಿಗ್ರಿ ಸುಲಭವಾಗಿ ಏರುತ್ತದೆ. ಕೊರಿಯರ್ ವ್ಯಾನು ಮಧ್ಯಾಹ್ನ ಎರಡು ತಾಸು ಬಯಲಲ್ಲಿ ನಿಂತರೆ ಸಾಕು. ತಂಪು ದೇಶದಲ್ಲಿ ಹುಟ್ಟಿದ ವ್ಯಾಪಾರ ಪದ್ಧತಿಗೆ ನಮ್ಮ ಬಿಸಿಲಿನ ಲೆಕ್ಕ ಗೊತ್ತಿಲ್ಲ.

ಸೊಟ್ಟಾದರೆ ಏನಾಯಿತು, ಹಾಡುವುದಿಲ್ಲವೇ ಎನ್ನಬಹುದು. ಒಂದು ಸಣ್ಣ ಲೆಕ್ಕ ಹಾಕಿ. ಎಲ್.ಪಿ.ಯ ಒಂದು ಬದಿ 22 ನಿಮಿಷ ಎಂದುಕೊಂಡರೆ ತಟ್ಟೆ ಸುಮಾರು 733 ಸುತ್ತು ತಿರುಗುತ್ತದೆ. ಸರಾಸರಿ ಸುತ್ತಳತೆ 65 ಸೆಂಟಿಮೀಟರ್ ಹಿಡಿದರೆ, ಆ ಒಂದೇ ಗೀರಿನ ಉದ್ದ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್! ಒಂದು ಮಿಲಿಮೀಟರ್ ಅಗಲದಲ್ಲಿ ಎಂಟು ಗೀರು. ಅಷ್ಟು ಸೂಕ್ಷ್ಮ ದಾರಿಯಲ್ಲಿ ಮುಳ್ಳು ಏರಿಳಿಯತೊಡಗಿದರೆ ಸ್ವರವೂ ತೂಗಾಡುತ್ತದೆ. ತಟ್ಟೆ ಒಂದು ಸುತ್ತು ತಿರುಗಲು 1.8 ಸೆಕೆಂಡು, ಪ್ರತಿ 1.8 ಸೆಕೆಂಡಿಗೊಮ್ಮೆ ದನಿ ಎಳೆದಂತೆ ಕೇಳಿದರೆ ತಟ್ಟೆಯಲ್ಲಿ ದೋಷವಿದೆ ಎಂದು ತಿಳಿಯಿರಿ. ಆಗ ಮುಳ್ಳಿನ ತೋಳನ್ನು ಗಮನಿಸಿ. ತೋಳು ಮೇಲೆ ಕೆಳಗೆ ಆಡಿದರೆ ತಟ್ಟೆ ಸೊಟ್ಟಗಾಗಿದೆ. ತಟ್ಟೆ ಸಮವಾಗಿದ್ದೂ ತೋಳು ಎಡಬಲಕ್ಕೆ ತೂಗಿದರೆ ನಡುವಿನ ತೂತು ಪಕ್ಕಕ್ಕೆ ಸರಿದಿದೆ. ಅದು ಕಾರ್ಖಾನೆಯ ತಪ್ಪು, ಬಿಸಿಲಿನದಲ್ಲ. ದೂರು ಬರೆಯುವಾಗ ಈ ವ್ಯತ್ಯಾಸ ಹೇಳಿದರೆ ಆ ಕಡೆಯವರಿಗೆ ನುಣುಚಿಕೊಳ್ಳುವುದು ಕಷ್ಟ.

ಕಂಡಕ್ಟರರ ಮಗನಿಗೆ ಫೋನು ಮಾಡಿಸಿ ಮೊದಲು ಆಟೊ ಪೇ ರದ್ದು ಮಾಡಿಸಿದೆವು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಸೊಟ್ಟ ತಟ್ಟೆಯ ಹಣವಷ್ಟೇ ವಾಪಸು ಬಂತು, ಉಳಿದದ್ದು ಹೋಯಿತು. ಹಟ ಹಿಡಿದು ಮುಂದುವರಿದಿದ್ದರೆ ದಾರಿ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಸೇರಲು ಸುಲಭ, ಬಿಡಲು ಕಷ್ಟ ಎಂಬಂತೆ ಚಂದಾ ಯೋಜನೆ ಹೆಣೆಯುವುದನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಚಂದಾ ಬಲೆ’ ಎಂದೇ ಗುರುತಿಸಿ, ಮಾಡಬಾರದ ಹದಿಮೂರು ವ್ಯಾಪಾರ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಇಷ್ಟೆಲ್ಲ ಹೇಳಿದ ಮೇಲೆ, ಚಂದಾ ಪದ್ಧತಿಯೇ ಕೆಟ್ಟದ್ದು ಎಂದು ನೀವು ತಿಳಿಯಬಾರದು. ಕನ್ನಡಿಗರು ಅದರ ಸವಿ ಉಂಡವರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಬೆಳೆದ ಸಂಸ್ಥೆ. ಮುಂದೆ ಯಾವ ಪುಸ್ತಕ ಬರುತ್ತದೆಂದು ತಿಳಿಯದೆಯೂ ಜನ ಹಣ ಕಳಿಸಿದರು, ಏಕೆಂದರೆ ಆರಿಸುವವರ ಮೇಲೆ ನಂಬಿಕೆಯಿತ್ತು. ಆ ನಂಬಿಕೆಯ ಬಲದಿಂದ ಪ್ರಕಾಶಕರು ಧೈರ್ಯ ಮಾಡಬಹುದಾಗಿತ್ತು. 1961ರಲ್ಲಿ ಗಿರೀಶ ಕಾರ್ನಾಡರೆಂಬ ಇನ್ನೂ ಹೆಸರಾಗದ ತರುಣನ ‘ಯಯಾತಿ’ ಪ್ರಕಟವಾದದ್ದು ಅದೇ ಮಾಲೆಯಲ್ಲಿ.

ರೆಕಾರ್ಡಿಗೂ ಈ ಧೈರ್ಯವೇ ಬೇಕಾಗಿದೆ. ಒಂದು ರೆಕಾರ್ಡು ಒತ್ತಬೇಕಾದರೆ ಮೊದಲು ಮೂಲ ತಟ್ಟೆ ಕೊರೆಯಬೇಕು, ಅದರಿಂದ ನಿಕ್ಕಲ್ ಲೋಹದ ಅಚ್ಚು ಎತ್ತಬೇಕು. ಐವತ್ತು ತಟ್ಟೆ ಒತ್ತಿದರೂ ಐನೂರು ಒತ್ತಿದರೂ ಈ ಖರ್ಚು ಒಂದೇ. ಹೀಗಾಗಿ ಕೊಳ್ಳುವವರು ಮೊದಲೇ ಗೊತ್ತಿದ್ದರೆ ಮಾತ್ರ ಬೆಲೆ ಇಳಿಯುತ್ತದೆ. ಕನ್ನಡದ ಮುದ್ರಣಗಳಿಗೆ ಅಂಥ ಒಂದು ಮಾಲೆ ಏಕಿರಬಾರದು? ಗಂಗೂಬಾಯಿ ಹಾನಗಲ್ ಅವರು ಎಳೆಯ ವಯಸ್ಸಿನಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್.ಎಂ.ವಿ.ಗೆ ಹಾಡಿದ್ದರು. ಭೀಮಸೇನ ಜೋಶಿಯವರ ಮೊದಲ ಮುದ್ರಣಗಳು ಬಂದಾಗ ಅವುಗಳಲ್ಲಿ ಕನ್ನಡ ಭಕ್ತಿಗೀತೆಗಳಿದ್ದವು. 78 ಸುತ್ತಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷವೆಂದರೆ, ಅಂಥ ಏಳು ಹಾಡು ಎಲ್.ಪಿ.ಯ ಒಂದೇ ಬದಿಗೆ ಹಿಡಿಯುತ್ತವೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ 60 ವರ್ಷ. ಅಷ್ಟು ಹಳೆಯ ಮುದ್ರಣಗಳ ಆ ಹಕ್ಕು ಮುಗಿದಿದೆ. ಹಾಡು ಬರೆದವರ ಹಕ್ಕನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು. ನಮ್ಮ ಕಂಡಕ್ಟರರು ಬಯಸಿದ್ದೂ ಬೇರೇನಲ್ಲ, ನಮ್ಮದೇ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದೇವೆ. ಅವರ ದನಿ ತಿಂಗಳ ಪಾರ್ಸೆಲ್ಲಿನಲ್ಲಿ ಬಂದರೆ ಬೇಡವೆನ್ನುವವರು ಯಾರು?

ಅಲ್ಲಿಯವರೆಗೆ, ಚಂದಾ ಕಟ್ಟಲು ಹೊರಟವರಿಗೆ ನಾಲ್ಕು ಮಾತು. ಮೊದಲು ಬಿಡಿಯಾಗಿ ಒಂದು ರೆಕಾರ್ಡು ತರಿಸಿ, ಕಟ್ಟಿದ ರೀತಿ ನೋಡಿ. ಸೇರುವ ಪುಟಕ್ಕಿಂತ ಮೊದಲು ಬಿಡುವ ಪುಟ ಓದಿ. ಅದು ಸಿಗದಿದ್ದರೆ ಸೇರಲೇಬೇಡಿ. ಆಟೊ ಪೇ ಬದಲು ಮೂರು ತಿಂಗಳದ್ದೋ ಆರು ತಿಂಗಳದ್ದೋ ಹಣ ಒಮ್ಮೆಗೇ ಕಟ್ಟಿ. ಪಾರ್ಸೆಲ್ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನಮ್ಮ ಸೀಮೆಯವರಿಗೆ ಇನ್ನೊಂದು ಹೆಚ್ಚಿನ ಮಾತು: ದಸರೆಗೆ ಶುರು, ಶಿವರಾತ್ರಿಗೆ ಬಂದ್. ಬೇಸಗೆಯಲ್ಲಿ ತಟ್ಟೆ ತರಿಸುವುದು ಬೇಡ, ಇರುವುದನ್ನು ಕೇಳಿದರಾಯಿತು. ಇನ್ನು, ಪ್ರೀತಿಯಿಂದ ಯಾರಾದರೂ ನಿಮಗಾಗಿ ಚಂದಾ ಕಟ್ಟಿದ್ದರೆ, ಬಂದದ್ದು ಹಿಡಿಸಿತೋ ಇಲ್ಲವೋ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಅಪ್ಪ ಮಕ್ಕಳ ನಡುವಿನ ಸಂಕೋಚಕ್ಕೆ ತಿಂಗಳಿಗೆ 2,800 ರೂಪಾಯಿ ಬಹಳ ದುಬಾರಿ.