ದಾಳ ಯಾರದು?

ಹವ್ಯಾಸಗಳಲ್ಲಿಯೂ ಮೇಲು ಕೀಳೆಂಬ ಭೇದವನ್ನು ನಾವು ಮಾಡಿಕೊಂಡಿದ್ದೇವೆ. ಅಂಚೆಚೀಟಿ ಕೂಡಿಸುವವನು ಜ್ಞಾನಾರ್ಥಿ. ಹಳೆಯ ನಾಣ್ಯ ಕೂಡಿಸುವವನು ಇತಿಹಾಸಪ್ರೇಮಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳನ್ನು ಕಾಪಾಡಿಟ್ಟವನಂತೂ ಕಲೋಪಾಸಕ. ಆದರೆ ಮದ್ಯದ ಕಂಪೆನಿಗಳು ತಮ್ಮ ಹೆಸರು ಅಚ್ಚುಹಾಕಿಸಿ ಪುಕ್ಕಟೆ ಹಂಚಿದ ಇಸ್ಪೀಟು ಕಟ್ಟು, ದಾಳ, ದಾಳದ ತಟ್ಟೆ ಇವುಗಳನ್ನು ಕೂಡಿಸುವವನನ್ನು ಏನೆಂದು ಕರೆಯೋಣ? ವಿದ್ಯಾರ್ಥಿನಿಲಯದಲ್ಲಿ ಈ ಮಾತು ಬಂದಾಗ "ಗುಜರಿ ವ್ಯಾಪಾರಿ" ಎಂದರು ಒಬ್ಬರು. "ಕುಡುಕರ ಬಂಧು" ಎಂದರು ಇನ್ನೊಬ್ಬರು. ಈ ಎರಡು ತೀರ್ಪುಗಳೂ ನನಗೆ ಒಪ್ಪಿಗೆಯಿಲ್ಲ. ಇಂಥ ವಸ್ತುಗಳನ್ನು ಕೂಡಿಸಬೇಕು. ಆದರೆ ಈಗ ಅನೇಕರು ಕೂಡಿಸುತ್ತಿರುವ ರೀತಿಯಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಹವ್ಯಾಸ ಚೆನ್ನಾಗಿ ಬೇರೂರಿರುವ ದೇಶಗಳಲ್ಲಿ ಫ್ರಾನ್ಸ್ ಒಂದು. ಅಲ್ಲಿ ಜನರು ತಮ್ಮ ಮನೆಯ ಹಳೆಯ ಸಾಮಾನನ್ನೆಲ್ಲ ಬೀದಿಗೆ ತಂದು ಹರಡಿ ಮಾರುವ ಒಂದು ಬಗೆಯ ಸಂತೆಯುಂಟು. ಅಟ್ಟ ಬರಿದುಮಾಡುವುದು ಎಂದೇ ಅದರ ಹೆಸರಿನ ಅರ್ಥ. ರಿಕಾರ್, ಪೆರ್ನೋ, ಮಾರ್ಟಿನಿ, ಸಿನ್‌ಜಾನೊ ಮೊದಲಾದ ಹೆಸರುಗಳನ್ನು ಹೊತ್ತ ಇಸ್ಪೀಟು ಕಟ್ಟುಗಳೂ ಎಲೆ ಹಾಕುವ ಬನಾತಿನ ಹಾಸುಗಳೂ ದಾಳದ ತಟ್ಟೆಗಳೂ ಅಂಥ ಕಡೆ ಸಿಗುತ್ತವೆ. ಈಗ ಮೊಬೈಲಿನ ಪರದೆಯಲ್ಲಿ ಅವುಗಳ ಹರಾಜನ್ನು ಯಾವ ಊರಿನಲ್ಲಿ ಕುಳಿತಾದರೂ ನೋಡಬಹುದು.

ಇವುಗಳಲ್ಲೆಲ್ಲ ನನಗೆ ಹೆಚ್ಚು ಅರ್ಥವತ್ತಾಗಿ ಕಂಡುದು ಆ ದಾಳದ ತಟ್ಟೆ. ದುಂಡಾಗಿ, ಒಂದು ಗೇಣಿಗಿಂತ ತುಸು ಹೆಚ್ಚು ಅಗಲವಾಗಿ, ನಡುವೆ ಬನಾತು ಹೊದಿಸಿಕೊಂಡಿರುತ್ತದೆ. ದಾಳ ಉರುಳಿಹೋಗದಂತೆ ಸುತ್ತಲೂ ಎತ್ತರದ ಅಂಚು. ಕಣ್ಣಿಗೆ ಬೀಳುವಂತೆ ಮದ್ಯದ ಹೆಸರು. ಇದರ ಜೊತೆಗೆ 3 ದಾಳ, 11 ಬಿಲ್ಲೆ. ಆಟದ ಹೆಸರು ನಾನೂರ ಇಪ್ಪತ್ತೊಂದು. ಮೊದಲು 11 ಬಿಲ್ಲೆಗಳೂ ನಡುವೆ ಇರುತ್ತವೆ. ಎಲ್ಲರೂ ದಾಳ ಎಸೆದ ಮೇಲೆ ಅತ್ಯಂತ ಕೆಳಗಿನ ಗರ ಬಿದ್ದವನು ಬಿಲ್ಲೆ ಹೊರಬೇಕು. ಎಷ್ಟು ಹೊರಬೇಕೆಂಬುದನ್ನು ನಿರ್ಧರಿಸುವುದು ಗೆದ್ದವನ ಗರ. 4, 2, 1 ಒಟ್ಟಿಗೆ ಬಿದ್ದರೆ ಅದನ್ನು ಮೀರಿದ ಗರವಿಲ್ಲ. 2, 2, 1 ಎಲ್ಲಕ್ಕಿಂತ ಕಡೆಯದು. ಅದಕ್ಕೆ ನೆನೆಟ್ ಎಂಬ ಮುದ್ದಾದ ಹೆಸರು ಬೇರೆ! ನಡುವಣ ಬಿಲ್ಲೆಗಳು ತೀರಿದ ಮೇಲೆ ಆಟದ ಎರಡನೆಯ ಭಾಗ. ಆಗ ಗೆದ್ದವನು ತನ್ನ ಬಿಲ್ಲೆಗಳನ್ನು ಸೋತವನಿಗೆ ದಾಟಿಸುತ್ತ ಹೋಗುತ್ತಾನೆ. ಮೊದಲ ಭಾಗಕ್ಕೆ ಹೊರೆ ಹೇರುವುದು, ಎರಡನೆಯದಕ್ಕೆ ಹೊರೆ ಇಳಿಸುವುದು ಎಂಬ ಅರ್ಥದ ಹೆಸರುಗಳಿವೆ. ಕೊನೆಗೆ 11 ಬಿಲ್ಲೆಗಳೂ ಯಾರ ಮುಂದೆ ಬಂದು ಕೂಡುತ್ತವೆಯೋ ಅವನು ಸೋತ. ಪಾನಗೃಹದ ರೂಢಿಯಂತೆ ಸೋತವನು ಗೆದ್ದವರಿಗೆ ಹಣ ಕೊಡಬೇಕಾಗಿಲ್ಲ. ಸುತ್ತ ನಿಂತವರಿಗೆಲ್ಲ ಒಂದೊಂದು ಲೋಟ ಕೊಡಿಸಿದರಾಯಿತು.

ಇದರಲ್ಲೇನು ವಿಶೇಷ, ನಮ್ಮೂರಿನ ಹೋಟೆಲಿನ ಹಿಂದೆ ಎಲೆ ಹಾಕುವವರೂ ಸೋತವನಿಂದ ಚಹಾ ಕುಡಿಯುವುದಿಲ್ಲವೆ ಎಂದು ಕೇಳಬಹುದು. ಕುಡಿಯುತ್ತಾರೆ, ಕುಡಿದು ಎದ್ದು ಹೋಗುತ್ತಾರೆ. ಮದ್ಯದ ಮೇಜಿನ ಮರ್ಯಾದೆ ಬೇರೆ. ಅಲ್ಲಿ ಒಬ್ಬನಿಂದ ಕೊಡಿಸಿಕೊಂಡವನು ತಾನು ಕೊಡಿಸದೆ ಏಳುವುದು ಮಾನಕ್ಕೆ ಕುಂದು. ಆದುದರಿಂದ ಇನ್ನೊಂದು ಆಟ, ಇನ್ನೊಂದು ಲೋಟ. ಲೆಕ್ಕ ಹಾಕಿ ನೋಡೋಣ: ನಾಲ್ವರು ಸೇರಿ 4 ಆಟ ಆಡಿದರೆ ಒಟ್ಟು 16 ಲೋಟ ಖರ್ಚಾಗುತ್ತವೆ. ಕೆಲಸ ಮುಗಿಸಿ ಒಂದೇ ಲೋಟ ಕುಡಿದು ಮನೆಗೆ ಹೋಗೋಣವೆಂದು ಬಂದವನ ಹೊಟ್ಟೆಗೆ ನಾಲ್ಕು ಇಳಿದಿರುತ್ತವೆ. ಅದೃಷ್ಟಗೆಟ್ಟವನಾದರೆ ಹದಿನಾರರ ಬೆಲೆಯನ್ನೂ ಅವನೇ ತೆತ್ತಿರುತ್ತಾನೆ. ಆ ಹಣಕ್ಕೆ ಮನೆಯಲ್ಲಿ ಬೇರೆ ಕೆಲಸ ಕಾದಿರುತ್ತದೆಂಬುದನ್ನು ಕೂಲಿಯ ಮನೆಗಳಿಂದ ಬಂದ ನನ್ನಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದ್ಯೂತಸಭೆಯ ಪ್ರಸಂಗ ಬಂದಾಗಲೆಲ್ಲ ನಾವು ಧರ್ಮರಾಯನ ವ್ಯಸನವನ್ನು ಚರ್ಚಿಸುತ್ತೇವೆ. ಶಕುನಿಯ ಕೈಚಳಕವನ್ನು ಚರ್ಚಿಸುತ್ತೇವೆ. ನಾನಾದರೆ ಮೊದಲು ಕೇಳುವ ಪ್ರಶ್ನೆ, ದಾಳ ಯಾರದು ಎಂಬುದು. ಹಸ್ತಿನಾವತಿಯಲ್ಲಿ ಗೆಲ್ಲುವುದಕ್ಕೆ ಶಕುನಿಗೆ ಕಪಟ ಬೇಕಾಯಿತು. ಫ್ರಾನ್ಸಿನ ಪಾನಗೃಹದಲ್ಲಿ ಅದೂ ಬೇಕಾಗಿಲ್ಲ. ದಾಳ ಪ್ರಾಮಾಣಿಕವಾದುದು, ಆಡುವವರು ಸ್ನೇಹಿತರು, ಮೋಸ ಎಲ್ಲಿಯೂ ಇಲ್ಲ. ಆದರೂ ಯಾರು ಸೋತರೂ ಗೆಲ್ಲುವವನು ದಾಳ ಕೊಟ್ಟವನೇ. ಆಟಕ್ಕೆ ಅವನು ಬಂದಿರುವುದೇ ಇಲ್ಲ.

ಗೋಡೆಯ ಚಿತ್ರವನ್ನು ದಾರಿಹೋಕ ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾನೆ. ತಟ್ಟೆಯಾದರೋ ಸಂಜೆಯೆಲ್ಲ ಕುಡಿಯುವವನ ಕೈಯಳತೆಯಲ್ಲಿಯೇ ಇರುತ್ತದೆ, ಅದೂ ಮುಂದಿನ ಲೋಟ ಯಾವುದೆಂದು ಹೇಳಬೇಕಾದ ಗಳಿಗೆಯಲ್ಲಿ. ಪಾನಗೃಹದವನಿಗೂ ಸಂತೋಷವೇ. ನೀರಿನ ಹೂಜಿ, ಬೂದಿಯ ಬಟ್ಟಲು, ಇಸ್ಪೀಟು, ದಾಳ ಎಲ್ಲವೂ ಅವನಿಗೆ ಬಿಟ್ಟಿಯಾಗಿ ಬಂದವು. ಇದನ್ನು ಬಲ್ಲವರಲ್ಲಿ ಪಾಲ್ ರಿಕಾರ್ ಒಬ್ಬ. 1909ರಲ್ಲಿ ಮಾರ್ಸೇಲ್ಸಿನ ಹತ್ತಿರ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ ಈತನಿಗೆ ಚಿತ್ರಕಾರನಾಗಬೇಕೆಂಬ ಆಸೆಯಿತ್ತು. 1932ರಲ್ಲಿ ತನ್ನ ಹೆಸರಿನ ಸೋಂಪಿನ ಮದ್ಯವನ್ನು ಹೊರತಂದು, ಮಾರ್ಸೇಲ್ಸಿನ ಹೆಸರನ್ನೇ ಜಾಹೀರಾತಿನ ಬಂಡವಾಳ ಮಾಡಿಕೊಂಡ. ಆ ಬಂದರಿನ ಪಾನಗೃಹವೊಂದರಲ್ಲಿ ನಡೆಯುವ ಮಾರ್ಸೆಲ್ ಪಾನ್ಯೋಲನ 'ಮಾರಿಯುಸ್' ನಾಟಕ 1929ರಲ್ಲಿ ರಂಗಕ್ಕೂ 1931ರಲ್ಲಿ ಚಲನಚಿತ್ರಕ್ಕೂ ಬಂದಿತ್ತು. ಅದರ ಇಸ್ಪೀಟಾಟದ ದೃಶ್ಯ ಬಹಳ ಪ್ರಸಿದ್ಧ. ಎಲೆ, ಗೆಳೆಯರು, ಲೋಟ ಈ ಮೂರೂ ಸೇರಿ ಜನರ ಮನಸ್ಸಿನಲ್ಲಿ ಆಗಲೇ ಒಂದು ಚಿತ್ರವಾಗಿದ್ದವು. ಕಂಪೆನಿ ಮಾಡಬೇಕಾಗಿದ್ದುದು ಆ ಎಲೆಯ ಬೆನ್ನ ಮೇಲೆ ತನ್ನ ಹೆಸರು ಬರೆಯುವುದಷ್ಟೆ. ಫ್ರೆಂಚ್ ಎಲೆಗಳಲ್ಲಿ ನಾಲ್ಕು ರಾಜರಿಗೆ ದಾವೀದ, ಅಲೆಕ್ಸಾಂಡರ್, ಸೀಸರ್, ಚಾರ್ಲ್ಸ್ ಎಂಬ ಹೆಸರುಗಳುಂಟು. ಜಗತ್ತನ್ನು ಗೆದ್ದ ಅಲೆಕ್ಸಾಂಡರನೂ ಬೆನ್ನ ಮೇಲೆ ಮದ್ಯದ ಜಾಹೀರಾತು ಹೊರಬೇಕಾಯಿತು!

ಇನ್ನು ಸಂಗ್ರಾಹಕರ ವಿಚಾರ. ಅವರು ಬೇಡುವುದು ಹೊಸದರಂತಿರುವ, ಪೆಟ್ಟಿಗೆ ಸಹಿತವಾದ, ಸಾಧ್ಯವಾದರೆ ಮುದ್ರೆಯನ್ನೇ ಒಡೆಯದ ಕಟ್ಟನ್ನು. ಒಂದು ಎಲೆ ಕಡಮೆಯಾದರೆ ಬೆಲೆ ಬಿತ್ತು; ಬನಾತಿನ ಮೇಲೆ ಸಿಗರೇಟು ಸುಟ್ಟ ತೂತಿದ್ದರೆ ಇನ್ನೂ ಬಿತ್ತು. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಮುದ್ರೆ ಒಡೆಯದ ಕಟ್ಟು ಯಾರ ಕೈಯನ್ನೂ ಸೇರದ ಕಟ್ಟು. ಕಂಪೆನಿಯ ಹೆಸರಲ್ಲದೆ ಬೇರೇನನ್ನೂ ಅದು ಹೇಳಲಾರದು. ಬೆರಳಿನ ಜಿಡ್ಡು ಹತ್ತಿ ಮೂಲೆ ಮುರಿದ ಎಲೆಗಳು, ಯಾರೋ ಪೆನ್ಸಿಲಿನಲ್ಲಿ ಲೆಕ್ಕ ಗೀಚಿದ ಡಬ್ಬಿ, ಲೋಟ ಇಟ್ಟ ಉಂಗುರದ ಕಲೆ, ಕಳೆದುಹೋದ ಬಿಲ್ಲೆಯ ಬದಲಿಗೆ ಸೇರಿಸಿದ ಒಂದು ಗುಂಡಿ ಇಂಥವು ಇರುವುದೇ ನಿಜವಾದ ಸಾಕ್ಷಿ. ಶಾಸನ ಓದುವವರು ಕಲ್ಲಿನ ನುಣುಪಿಗೆ ಬೆಲೆ ಕಟ್ಟುತ್ತಾರೆಯೆ?

ಕಾಲನಿರ್ಣಯವೂ ಶಾಸನ ಓದಿದಷ್ಟೇ ರುಚಿಯ ಕೆಲಸ. ಫ್ರಾನ್ಸಿನಲ್ಲಿ ಇಸ್ಪೀಟಿನ ಮೇಲೆ 1945ರವರೆಗೆ ಸರ್ಕಾರದ ತೆರಿಗೆಯಿತ್ತು. ಅದರ ಮುದ್ರೆ ಬೀಳುತ್ತಿದ್ದುದು ಕಳಾವರದ ಎಕ್ಕದ ಮೇಲೆ. ಆದುದರಿಂದ ಕಟ್ಟನ್ನು ಕೈಗೆತ್ತಿಕೊಂಡವನು ಮೊದಲು ಹುಡುಕುವುದು ಆ ಎಕ್ಕವನ್ನು. ಹೆಸರುಗಳೂ ಕಾಲ ಹೇಳುತ್ತವೆ. ಆಬ್ಸಿಂತ್ ಎಂಬ ಮದ್ಯವನ್ನು ಫ್ರಾನ್ಸ್ 1915ರಲ್ಲಿ ನಿಷೇಧಿಸಿತು. ಅದರ ಸ್ಥಾನಕ್ಕೆ ಬಂದ ಸೋಂಪಿನ ಮದ್ಯಗಳನ್ನು 1940ರಲ್ಲಿ ವಿಶಿ ಸರ್ಕಾರ ತಡೆಯಿತು. ಯುದ್ಧಾನಂತರ ಅವು ಮರಳಿ ಬಂದವು. ಪಾಸ್ಟಿಸ್ 51 ಎಂದಿರುವ ತಟ್ಟೆ 1951ಕ್ಕಿಂತ ಹಿಂದಿನದಾಗಲಾರದು, ಆ ಸಂಖ್ಯೆ ವರ್ಷದ್ದೇ. ಪೆರ್ನೋ ಮತ್ತು ರಿಕಾರ್ ಎದುರಾಳಿಗಳಾಗಿದ್ದು ಒಂದೇ ಸಂಸ್ಥೆಯಾದುದು 1975ರಲ್ಲಿ. ಒಂದು ದೇಶದ ಅಬಕಾರಿ ನೀತಿಯ ಚರಿತ್ರೆ ಹೀಗೆ ಒಂದು ಕಪಾಟಿನಲ್ಲಿ ಅಡಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ವರ್ಷ 1991. ಆ ವರ್ಷದ ಜನವರಿ 10ರಂದು ಫ್ರಾನ್ಸಿನಲ್ಲಿ ಆದ ಕಾನೂನು ಆರೋಗ್ಯ ಸಚಿವ ಕ್ಲೋಡ್ ಎವ್ಯಾಂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಟೆಲಿವಿಷನ್ನಿನಲ್ಲಿ, ಚಲನಚಿತ್ರಮಂದಿರದಲ್ಲಿ ಮದ್ಯದ ಜಾಹೀರಾತಿಗೆ ಅದು ಅವಕಾಶ ಕೊಡಲಿಲ್ಲ. ತಮ್ಮ ಹೆಸರಿನ ವಸ್ತುಗಳನ್ನು ತಯಾರಕರು ಹಂಚುವ ವಿಷಯದಲ್ಲಿ ಅದು ಎಳೆದ ಗೆರೆಯನ್ನು ನಾನು ಬಹಳ ಮೆಚ್ಚುತ್ತೇನೆ. ಕುಡಿಯುವುದಕ್ಕೆಂದೇ ಇರುವ ಲೋಟ, ಹೂಜಿಗಳಂಥ ವಸ್ತುಗಳನ್ನು ಕೆಲವು ಸಂದರ್ಭಗಳಲ್ಲಿ ಕೊಡಬಹುದು, ಬೇರೆಯವನ್ನು ಕೂಡದು. ಇಸ್ಪೀಟು, ದಾಳ ಆ ಗೆರೆಯ ಹೊರಗೆ ಉಳಿದವು. ಲೋಟ ತಾನು ಲೋಟವೆಂದು ಹೇಳಿಕೊಳ್ಳುತ್ತದೆ. ದಾಳ ಆಟದ ವೇಷದಲ್ಲಿ ಬರುತ್ತದೆ. ಶಾಸನಕರ್ತರು ಹೀಗೆಯೇ ಯೋಚಿಸಿದರೋ ಇಲ್ಲವೋ, ಗೆರೆ ಬಿದ್ದ ಸ್ಥಳ ಮಾತ್ರ ಸರಿಯಾಗಿದೆ.

ನಮ್ಮ ದೇಶದಲ್ಲಿ 1994ರ ಕೇಬಲ್ ಟೆಲಿವಿಷನ್ ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿದವು. ನಿಷೇಧ ಬಂದುದೇ ತಡ, ಮದ್ಯದ ಹೆಸರುಗಳು ಸೋಡಾ, ಕುಡಿಯುವ ನೀರು, ಹಾಡಿನ ತಟ್ಟೆ ಇವುಗಳ ಮೇಲೆ ಏರಿ ಕುಳಿತವು. 2008ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ ನಾಮಕರಣವಾದಾಗ ಅದು ಒಂದು ವಿಸ್ಕಿಯ ಹೆಸರನ್ನು ಹೋಲುವುದನ್ನು ಗಮನಿಸಿದವರು ಎಷ್ಟು ಮಂದಿ? ಆ ತಂಡದ ಅಂಗಿ ತೊಟ್ಟ ಹುಡುಗರು ನಮ್ಮ ಹಳ್ಳಿಯ ಬಯಲಿನಲ್ಲಿಯೂ ಆಡುತ್ತಾರೆ. ಸರ್ಕಾರವನ್ನು ದೂರೋಣವೆಂದರೆ ಅಬಕಾರಿ ಸುಂಕ ರಾಜ್ಯದ ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದು. ನಾವು ಕುಳಿತ ಬೆಂಚಿನಲ್ಲಿಯೂ ಅದರ ಪಾಲಿರಬಹುದು. ದಾಳ ಯಾರದೆಂಬ ಪ್ರಶ್ನೆಗೆ ಉತ್ತರ ಇಲ್ಲಿ ಫ್ರಾನ್ಸಿನಲ್ಲಿರುವಷ್ಟು ಸುಲಭವಲ್ಲ.

ನಾಚಿಕೆಯ ವಸ್ತುಗಳೆಂದು ಇವನ್ನು ಸುಟ್ಟರೆ ಅನುಕೂಲವಾಗುವುದು ಹಂಚಿದವರಿಗೆ. ಬರಿಯ ಬಣ್ಣದ ಚೆಲುವಿಗಾಗಿ ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿದರೂ ಅವರಿಗೇ ಅನುಕೂಲ, ಜಾಹೀರಾತು ಇನ್ನೂ ನಡೆಯುತ್ತಿದೆ ಎಂದಂತಾಯಿತು. ಪ್ಯಾರಿಸಿನ ಪಕ್ಕದ ಇಸ್ಸಿ ಎಂಬ ಊರಿನಲ್ಲಿ ಇಸ್ಪೀಟಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಅಷ್ಟು ದೊಡ್ಡದು ನಮಗೆ ಬೇಡ. ಮದ್ಯದ ಹೆಸರು ಹೊತ್ತ ಇಸ್ಪೀಟು ಕಟ್ಟು, ಸೋಡಾ ಬಾಟಲಿ, ಕ್ರಿಕೆಟ್ ಅಂಗಿ ಇವುಗಳಿಗೆ ನಮ್ಮ ಇತಿಹಾಸ ವಿಭಾಗದ ಬೀರುವಿನ ಒಂದು ಅಡ್ಡೆ ಸಾಕು. ಪ್ರತಿಯೊಂದರ ಕೆಳಗೂ ಒಂದು ಚೀಟಿ ಇರಲಿ. ವರ್ಷ, ಊರು, ಕೊಟ್ಟವರ ಹೆಸರು ಬರೆದ ಮೇಲೆ ಅದರಿಂದ ಯಾವ ಆಟ ಆಡುತ್ತಿದ್ದರು, ಸೋತವನು ಎಷ್ಟು ಲೋಟ ಕೊಡಿಸಬೇಕಾಗಿತ್ತು, ಲೋಟಕ್ಕೆ ಬೆಲೆ ಎಷ್ಟು, ಆಗಿನ ದಿನಗೂಲಿ ಎಷ್ಟು ಎಂಬುದನ್ನೂ ಬರೆಯಬೇಕು.